ಗೋಡೆ ಕಂಡ ರಾತ್ರಿ

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, "ಅಪ್ಪಯ್ಯ, ಇದನ್ನೆಲ್ಲ ಯಾಕೆ ಮಾಡ್ತಿದ್ದೀನಿ ಅಂತಲೇ ಗೊತ್ತಾಗ್ತಿಲ್ಲ" ಅಂದೆ. ನಾನು ನಿದ್ದೆಗಣ್ಣಲ್ಲಿ "ಒಂದು ಮದುವೆ ಅಂತ ಆದ್ರೆ ಎಲ್ಲ ಸರಿಹೋಗ್ತದೆ" ಅಂದುಬಿಟ್ಟೆ. ನೀನು ಸುಮ್ಮನಾದೆ. ಫೋನಿಟ್ಟ ಮೇಲೆ ನಿನ್ನ ಅಮ್ಮ ನನಗೆ ಬೈದದ್ದು ನಿನಗೆ ಕೇಳಿಸಿರಲಿಕ್ಕಿಲ್ಲ. ಆ ಮಾತು ವಾಪಸ್ ತಗೊಂಡೆ ಅಂತ ತಿಳಿ. ಬಾಯಲ್ಲಿ ಹೇಳಲು ಬಾರದವನು ನಾನು, ಬರೆದರೆ ನಾಲ್ಕು ಮಾತು ನೆಟ್ಟಗೆ ಬಂದೀತೇನೋ ಅಂತ ಕೂತಿದ್ದೇನೆ. ಸಂಜೆಯಿಂದ ಕರೆಂಟಿಲ್ಲ. 38 ವರ್ಷ ಕಂಬ ಹತ್ತಿದವನ ಮನೆಯಲ್ಲೂ ಮೇಣದಬತ್ತಿಯೇ ಗತಿ!

ನಿನ್ನ ವಯಸ್ಸಿನಲ್ಲಿ ನನಗೆ ಈ ಪ್ರಶ್ನೆ ಬರಲೇ ಇಲ್ಲ. ಬರಲು ಪುರಸೊತ್ತೂ ಇರಲಿಲ್ಲ, ಅದೇನು ಹೆಮ್ಮೆಯ ಮಾತಲ್ಲ. ಮೇಷ್ಟ್ರಾಗಬೇಕು ಅಂತ ಆಸೆಯಿತ್ತು, ಆಗಲಿಲ್ಲ. 1986ರಲ್ಲಿ ಕೆಇಬಿಯಲ್ಲಿ ಕೆಲಸ ಸಿಕ್ಕಿತು, ಸೇರಿದೆ. ತಿಂಗಳಿಗೆ ಸಂಬಳ ಬರುತ್ತದಲ್ಲ, ಅಷ್ಟು ಸಾಕಿತ್ತು.

ಅಜ್ಜಿಯ ಕಥೆ ನಿನಗೆ ಅರ್ಧ ಗೊತ್ತು. 1948ರಲ್ಲಿ ಜೋಗದಲ್ಲಿ ಪವರ್ ಹೌಸ್ ಶುರುವಾಯಿತು. ಅದಕ್ಕೆ ನೀರು ನಿಲ್ಲಿಸಲು ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗ ನಮ್ಮವರ ಕೆಳಗಿನ ಗದ್ದೆ ಹೋಯಿತು, ಮನೆ ಉಳಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು ನೋಡು, ಮನೆ, ತೋಟ, ಕೊನೆಗೆ ಆ ಹಳೇ ಅಣೆಕಟ್ಟೂ ನೀರಿನೊಳಗೆ. ಅದೇ ವರ್ಷ ನಾನು ಹುಟ್ಟಿದ್ದು. ಬಾಣಂತಿ ಅಜ್ಜಿಯನ್ನು ಪಾತ್ರೆಪಗಡೆ, ದನದ ಹಗ್ಗದ ಜೊತೆ ಲಾರಿಯಲ್ಲಿ ಕೂರಿಸಿ ಕಾಡಿನ ಅಂಚಿಗೆ ತಂದಿಳಿಸಿದರಂತೆ. ಮುಂದೆ ಶರಾವತಿಯ ಹೊಸ ಪವರ್ ಹೌಸು 1,035 ಮೆಗಾವ್ಯಾಟಿಗೆ ಬೆಳೆಯಿತು. ದೊಡ್ಡ ಟವರಿನ ತಂತಿ ನಮ್ಮ ಗುಡಿಸಲ ಮೇಲೆಯೇ ಹಾದು ಹೋಗುತ್ತಿತ್ತು. ಮಳೆ ಬಿದ್ದರೆ ಜುಂಯ್ ಅನ್ನುವ ಸದ್ದು. ಅದರ ಕೆಳಗೆ ಕೂತು ನಾನು ಚಿಮಣಿ ಬುಡ್ಡಿಯಲ್ಲಿ ಎಸ್ಸೆಸ್ಸೆಲ್ಸಿ ಓದಿದೆ.

ನಮ್ಮ ಕೇರಿಗೆ ಲೈನ್ ಎಳೆದದ್ದು 1990ರಲ್ಲಿ. ಆ ಗ್ಯಾಂಗಿನಲ್ಲಿ ನಾನೂ ಇದ್ದೆ. ಕಂಬದ ಗುಂಡಿ ತೋಡಿದೆ, ತಂತಿ ಎಳೆದೆ, ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಸಿಕ್ಕ ಒಂದೇ ಒಂದು ಬಲ್ಬಿಗೆ ನಮ್ಮ ಜಗಲಿಯಲ್ಲಿ ಹೋಲ್ಡರ್ ಕೂರಿಸಿದೆ. 40 ಕ್ಯಾಂಡಲ್ ಬಲ್ಬು. ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡಿದಾಗ ಏಳು ಗಂಟೆ. ಕೇರಿಯ ಮಕ್ಕಳೆಲ್ಲ "ಬಂತೂ!" ಅಂತ ಕೂಗಿದರು. ನಾನು ಅಜ್ಜಿಯ ಮುಖ ನೋಡಿದೆ. ಅಳುತ್ತಾಳೆ, ಇಲ್ಲಾ ಕೈ ಮುಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಲ್ಬಿನ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆ ನೋಡುತ್ತಿದ್ದಳು. "ಥೋ, ಇಷ್ಟು ಮಸಿಯಾಗಿತ್ತಾ ಇದು?" ಅಂದಳು. 26 ವರ್ಷದ ಬುಡ್ಡಿದೀಪದ ಹೊಗೆ, ಒಬ್ಬರಿಗೂ ಕಂಡಿರಲಿಲ್ಲ.

ಬೆಳಿಗ್ಗೆ ನಾನೇಳುವಷ್ಟರಲ್ಲಿ ಗೋಡೆ ಕೆರೆದು ಕೆಮ್ಮಣ್ಣು ಬಳಿಯುತ್ತಿದ್ದಳು. ಅದು ಒಣಗಿದ ಮೇಲೆ ಅಕ್ಕಿ ನೆನೆಸಿ ಅರೆದು, ಪುಂಡಿನಾರು ಜಜ್ಜಿ ಕುಂಚ ಮಾಡಿ, ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಲು ಕೂತಳು. ಮನೆಯಲ್ಲಿ ಮದುವೆಯಿಲ್ಲ, ಹಬ್ಬವಿಲ್ಲ. ಮುಳುಗಿದ ಮನೆಯಲ್ಲಿ ಬರೆದದ್ದೇ ಕೊನೆ, ಆಮೇಲೆ ಅವಳು ಕುಂಚ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಅವಳಿಗೆ ಹಸೆ ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ ಪುಟ್ಟಿ! ಎಳೆ ಒಂದಿಷ್ಟೂ ಅಲುಗಲಿಲ್ಲ. ನೀನು ಚಿಕ್ಕವಳಿದ್ದಾಗ ಬಳಪದಲ್ಲಿ ಗೀಚಿ ಏಟು ತಿಂದದ್ದು ಅದೇ ಗೋಡೆಗೆ.

ಆ ಹೊತ್ತಿಗೆ ನನಗೆ ಬಹಳ ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೈ ಬೊಬ್ಬೆ ಬಂದಿತ್ತು, ಸೊಸೈಟಿ ಸಾಲದ ಕಂತು ಬಾಕಿಯಿತ್ತು. ಆದರೆ ಎಷ್ಟೋ ವರ್ಷದ ಮೇಲೆ, ಹಿನ್ನೀರಿನ ಆಚೆ ಒಂದು ರಾತ್ರಿ, ಗಾಳಿಮಳೆಗೆ ಮುರಿದ ಮರ ಕಡಿದು, ಕಟ್ಟಾದ ಜಂಪರ್ ತಂತಿ ಕಟ್ಟಿ ಕೆಳಗಿಳಿದೆ. ಕೊನೇ ಲಾಂಚು ಹೋಗಿಯಾಗಿತ್ತು, ಬೆಳಗಿನವರೆಗೆ ಅಲ್ಲೇ ಬಿದ್ದಿರಬೇಕು. ಕತ್ತಲಲ್ಲಿ ಎಲ್ಲೋ ಒಂದು ಮನೆಯಿಂದ ಮಗುವೊಂದು "ಬಂತೂ!" ಅಂತ ಕೂಗಿತು. ಆಗ ಆ ಗೋಡೆ ನೆನಪಾಯಿತು. ಈ ಮನೆಯಲ್ಲಿ ಈಗ ಯಾರಿಗೆ ಏನು ಕಾಣುತ್ತಿದೆಯೋ ಅಂದುಕೊಂಡೆ. ಅವತ್ತಿನಿಂದ ಕಂಬ ಹತ್ತುವಾಗ ಬೇಜಾರು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಮಳೆಗಾಲದ ನಡುರಾತ್ರಿ ಕಂಬ ಹತ್ತಿದವನಿಗೇ ಗೊತ್ತು.

ಇದಕ್ಕೆ ನೀವೂ ಬೆಲೆ ತೆತ್ತಿದ್ದೀರಿ. ನಿನ್ನ ಒಂದೇ ಒಂದು ಸ್ಕೂಲ್ ಡೇಗೂ ನಾನು ಬರಲಿಲ್ಲ. ಐದನೇ ಕ್ಲಾಸಿನಲ್ಲಿ ನೀನು ನವಿಲಾಗಿ ಕುಣಿದೆಯಂತೆ, ನಾನು ಫೋಟೋದಲ್ಲಿ ನೋಡಿದ್ದು. ಊರಿನವರ ಮನೆಯ "ಬಂತೂ" ಕೇಳಿಸಿಕೊಂಡವನಿಗೆ ಸ್ವಂತ ಮಗಳ ಗೆಜ್ಜೆ ಕೇಳಿಸಲಿಲ್ಲ. ಹಾಗಾಗಿ ಕೆಲಸವೇ ಎಲ್ಲ ಅಂತ ನಿನಗೆ ಹೇಳುವ ಮುಖ ನನಗಿಲ್ಲ.

"ದುಡ್ಡು ಕಳಿಸುವ ಆ್ಯಪಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ನಾನಿಲ್ಲದಿದ್ದರೂ ಯಾರಿಗೂ ಗೊತ್ತಾಗಲ್ಲ" ಅಂದೆಯಲ್ಲ. ಲೈನ್‌ಮನ್ನೂ ಹಾಗೇ. ಕರೆಂಟ್ ಇರುವ ದಿನ ನಮ್ಮ ನೆನಪು ಯಾರಿಗೂ ಇಲ್ಲ. ಹೋದ ವಾರ ಸಾಗರದಲ್ಲಿ ಮೆಡಿಕಲ್ ಶಾಪಿನ ಮುಂದೆ ಒಬ್ಬಾಕೆ ದುಡ್ಡು ಹೋಗದ ಫೋನ್ ಹಿಡಿದು ಹತ್ತು ನಿಮಿಷ ನಿಂತಿದ್ದರು. ಕೈಯಲ್ಲಿ ಮಗುವಿನ ಔಷಧಿ ಚೀಟಿ. ಕೊನೆಗೆ ಟುಂಯ್ ಅಂದಿತು, ಅವರ ಮುಖ ನೋಡಬೇಕಿತ್ತು ನೀನು. ಅದು ನಿಮ್ಮ ಕಂಪನಿಯದ್ದೋ ಬೇರೆಯದ್ದೋ ಗೊತ್ತಿಲ್ಲ. ನಿನ್ನ ಟೇಬಲ್ಲಿನಿಂದ ಆ ಮುಖ ಕಾಣುವುದಿಲ್ಲ, ತೊಂದರೆ ಅಲ್ಲಿದೆಯೇನೋ ಅಂತ ನನ್ನ ಅನುಮಾನ. ಒಂದು ದಿನ ರಜೆ ಹಾಕಿ ಅಂಥ ಅಂಗಡಿಯ ಮುಂದೆ ನಿಂತು ನೋಡು. ನೋಡಿದ ಮೇಲೂ ಏನೂ ಅನ್ನಿಸದಿದ್ದರೆ ಬಿಟ್ಟುಬಿಡು, ಬೇರೆ ನೋಡೋಣ. ಇಎಂಐ ಅಂತ ಹೆದರಬೇಡ. ನನಗೆ ಪೆನ್ಶನ್ ಬರುತ್ತದೆ, ಅಮ್ಮನದ್ದು ಎರಡು ಹಸು ಇವೆ.

ಮೇ ತಿಂಗಳಿಗೆ ಬಾ. ಆಗ ನೀರು ಇಳಿದಿರುತ್ತದೆ, ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಹೋಗಿ ಬರೋಣ. ಆಚೆ ದಡಕ್ಕೂ ಈಗ ಲಾಂಚಿಗೆ ಕಾಯಬೇಕಿಲ್ಲ, 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯ್ತಲ್ಲ. ನನಗಂತೂ ಲಾಂಚೇ ಇಷ್ಟವಿತ್ತು, ಇರಲಿ.

ಇನ್ನೂ ಬರೆಯುವುದಿತ್ತು. ಹೊಸ ಲೈನ್‌ಮನ್ ಹುಡುಗ ಬೈಕ್ ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. ವಿಜಯಪುರದ ಕಡೆಯವನು, ಇಂಥ ಮಳೆಯನ್ನು ಕಂಡೇ ಇಲ್ಲ, ತೋಟದೊಳಗೆ ಲೈನ್ ಎಲ್ಲಿ ತಿರುಗುತ್ತದೆ ಅಂತ ಗೊತ್ತಿಲ್ಲ. "ಕಾಕಾ, ಬರ್ರಿ ಸ್ವಲ್ಪ" ಅನ್ನುತ್ತಿದ್ದಾನೆ. ಅಮ್ಮ ಬೈಯುತ್ತಾ ಟಾರ್ಚು ಹುಡುಕುತ್ತಿದ್ದಾಳೆ.

ನಿನ್ನ,
ಅಪ್ಪಯ್ಯ