ಬ್ಲಾಸ್ಟ್‌ಗೆ ಮೇಲ್ ಬರೆಯುತ್ತಿದ್ದ ಕಾಲ: ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ನಮ್ಮ ಗುಂಪಿನ ಕರೆ ಇದೆ, ಮರೆಯಬೇಡಿ. ಬ್ರೌಸರ್ ಇಲ್ಲದ ದಿನಗಳಲ್ಲಿ ಜೀನ್ ಡೇಟಾಬೇಸ್‌ಗಳನ್ನು ಹೇಗೆ ಬಳಸುತ್ತಿದ್ದರು ಅನ್ನುವುದೇ ವಿಷಯ. ಬರುವ ಮುಂಚೆ ಇಷ್ಟು ಓದಿಕೊಂಡಿರಿ.

ಡಿಎನ್‌ಎ ಸೀಕ್ವೆನ್ಸ್‌ಗಳ (ಅಂದರೆ ಡಿಎನ್‌ಎ ಅಕ್ಷರಗಳ ಸಾಲುಗಳ) ಸಂಗ್ರಹವಾದ ಜೆನ್‌ಬ್ಯಾಂಕ್ ಶುರುವಾಗಿದ್ದು 1982ರಲ್ಲಿ. ಮೊದಮೊದಲು ಡೇಟಾ ಮ್ಯಾಗ್ನೆಟಿಕ್ ಟೇಪಿನಲ್ಲಿ ಬರುತ್ತಿತ್ತು, ಅಚ್ಚಾದ ಪುಸ್ತಕವಾಗಿಯೂ ಸಿಗುತ್ತಿತ್ತು!

1990ರಲ್ಲಿ ಬ್ಲಾಸ್ಟ್ ಬಂತು, ನಮ್ಮ ಸೀಕ್ವೆನ್ಸ್ ಹೋಲುವಂಥವನ್ನು ಡೇಟಾಬೇಸ್‌ನಲ್ಲಿ ಹುಡುಕಿಕೊಡುವ ಪ್ರೋಗ್ರಾಂ ಅದು. ಅದನ್ನು ಈ-ಮೇಲ್‌ನಲ್ಲೇ ಓಡಿಸುವ ದಾರಿಯನ್ನೂ ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐ ಮಾಡಿಕೊಟ್ಟಿತು. ಒಂದು ಸಾಲಿನಲ್ಲಿ ಪ್ರೋಗ್ರಾಂ ಹೆಸರು, ಇನ್ನೊಂದರಲ್ಲಿ ಡೇಟಾಬೇಸ್ ಹೆಸರು, ಆಮೇಲೆ 'ಬಿಗಿನ್' ಅಂತ ಬರೆದು ಕೆಳಗೆ ಸೀಕ್ವೆನ್ಸ್. ಕಳಿಸಿ ಕಾಯುತ್ತಾ ಕೂರಬೇಕು, ಉತ್ತರವೂ ಮೇಲ್‌ನಲ್ಲೇ ಬರುತ್ತಿತ್ತು. ಒಂದು ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ. ಆದರೂ ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಬರೀ ಮೇಲ್ ಇದ್ದ ಸಣ್ಣ ಲ್ಯಾಬಿಗೂ ದೂರದ ದೊಡ್ಡ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿತ್ತು.

ಫೈಲ್ ಬೇಕಿದ್ದರೆ ಎಫ್‌ಟಿಪಿ, ಅಂದರೆ ದೂರದ ಕಂಪ್ಯೂಟರ್‌ನಿಂದ ಫೈಲ್ ಇಳಿಸಿಕೊಳ್ಳುವ ದಾರಿ. ಲಾಗಿನ್ ಹೆಸರು 'ಅನಾನಿಮಸ್' (ಅನಾಮಧೇಯ), ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಈ-ಮೇಲ್ ವಿಳಾಸ. ಹೆಸರು ಬೇಡ ಅಂತ ಹೇಳಿ ವಿಳಾಸ ಕೇಳುವುದು ತಮಾಷೆ ಅಲ್ವಾ? 1993ರಲ್ಲಿ ಜಿನೀವಾದ ಪ್ರೋಟೀನ್ ಮಾಹಿತಿ ತಾಣ ಎಕ್ಸ್‌ಪ್ಯಾಸಿ ವೆಬ್‌ಗೆ ಬಂತು. ಮಾಹಿತಿ ಒಂದು ಕ್ಲಿಕ್ಕಿಗೆ ಸಿಗತೊಡಗಿತು.

ನಮ್ಮಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 1980ರ ದಶಕದಲ್ಲೇ ಮಾಹಿತಿ ಕೇಂದ್ರಗಳ ಜಾಲ ಕಟ್ಟಲು ಹೊರಟಿತ್ತು. ಬೆಂಗಳೂರಿನ ಐಐಎಸ್‌ಸಿಯಲ್ಲೂ ಒಂದು ಕೇಂದ್ರ ಇತ್ತು. ಅಲ್ಲಿ ಕೆಲಸ ಮಾಡಿದ್ದವರು ಗುಂಪಿನಲ್ಲಿದ್ದರೆ ದಯವಿಟ್ಟು ನನಗೆ ಒಂದು ಮೆಸೇಜ್ ಹಾಕಿ, ಮೊದಲು ನೀವೇ ಮಾತಾಡಿ.

ಹಳೆಯ ಫ್ಲಾಪಿ, ಎಂಟ್ರೆಜ್ ಸಿಡಿ (ಎನ್‌ಸಿಬಿಐ ಡೇಟಾಬೇಸ್ ತುಂಬಿದ್ದ ಸಿಡಿ), ಪ್ರಿಂಟ್‌ಔಟ್ ಇದ್ದವರು ಶನಿವಾರದೊಳಗೆ ಫೋಟೋ ಹಾಕಿ. ಅಲ್ಲಿಯವರೆಗೆ ಸುಮ್ನೆ ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳು ಬೇಡ.