ಮೆಕ್‌ಟಾಮಿನೆ ಇಂಗ್ಲೆಂಡಿನವರಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಫುಟ್‌ಬಾಲ್ ಆಟಗಾರ ಸ್ಕಾಟ್ ಮೆಕ್‌ಟಾಮಿನೆ ಅವರನ್ನು ‘ಇಂಗ್ಲೆಂಡ್ ಆಟಗಾರ’ ಎಂದು ಬರೆದಿದ್ದೀರಿ. ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ, ನಿಜ. ಆದರೆ ಆಡುವುದು ಸ್ಕಾಟ್ಲೆಂಡಿಗೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ 2024ರಲ್ಲಿ ಅವರನ್ನು ಇಟಲಿಯ ನಾಪೋಲಿ ಕ್ಲಬ್‌ಗೆ ಮಾರಿತು. ಮರುವರ್ಷವೇ ನಾಪೋಲಿ ಇಟಲಿ ಚಾಂಪಿಯನ್! ಕೊನೆಯ ಪಂದ್ಯದಲ್ಲಿ ಗಾಳಿಗೆ ಹಾರಿ ಅಡ್ಡವಾಗಿ ಒದ್ದು ಹೊಡೆದ ಆ ಗೋಲು ನೋಡಿದ್ದೀರಾ? ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ. ಮ್ಯಾಂಚೆಸ್ಟರ್‌ನವರು ಈಗ ಕೈ ಕೈ ಹಿಸುಕಿಕೊಳ್ಳುತ್ತಿರಬೇಕು.

‘ಸ್ಕಾಟ್ಲೆಂಡ್ ಬೇರೆ ದೇಶವೇ ಅಲ್ಲ, ತಂಡ ಹೆಂಗ ಬೇರೆ?’ ಅಂತ ಸೂಪರ್ ಮಾರ್ಕೆಟ್ ಹತ್ತಿರದ ಚಹಾ ಅಂಗಡಿಯಲ್ಲಿ ಗೆಳೆಯರು ಕೇಳುತ್ತಾರೆ. 1872ರಲ್ಲೇ ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಎದುರು ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಇದೇ ಸ್ಕಾಟ್ಲೆಂಡ್ ತಂಡ. ಇನ್ನು ಬೇರೆ ದೇಶದ ಮಾತು: 2014ರ ಸೆಪ್ಟೆಂಬರ್ 18ರ ಜನಮತದಲ್ಲಿ ಶೇ 55ರಷ್ಟು ಮಂದಿ ಬ್ರಿಟನ್‌ನಿಂದ ಸ್ವಾತಂತ್ರ್ಯ ಬೇಡ ಅಂದರು. ಲಂಡನ್ ಒಪ್ಪದೆ ಇನ್ನೊಂದು ಜನಮತ ನಡೆಸುವಂತಿಲ್ಲ ಎಂದು 2022ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಹೇಳಿತು. ತಮಾಷೆ ಏನೆಂದರೆ, 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ವಾಸವಿದ್ದವರಿಗಷ್ಟೇ ಮತ. ಇಂಗ್ಲೆಂಡ್ ಕ್ಲಬ್ ಸೇರಿ ಅಲ್ಲೇ ನೆಲೆಸಿದ ಆಟಗಾರರಿಗೆ ಇಲ್ಲ!

ನಮ್ಮಲ್ಲಿ ಪ್ರತ್ಯೇಕ ರಾಜ್ಯದ ಮಾತು ಎದ್ದಾಗ ಕೆಲವರು ಸ್ಕಾಟ್ಲೆಂಡ್ ಹೆಸರು ಎಳೆದು ತರುತ್ತಾರೆ. ಸುಮ್ನೆ ಹೋಲಿಸಬಾರದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಸಿಕ್ಕಿದ್ದು ಸೀಟು, ನೌಕರಿ, ಅನುದಾನಕ್ಕೆ. ಅದರಡಿ ಫುಟ್‌ಬಾಲ್ ತಂಡ ಕೇಳಿದವರನ್ನು ನಾನಂತೂ ಕಂಡಿಲ್ಲ.

ಸೋಮವಾರದ ಪುಟದಲ್ಲಿ ಸ್ಕಾಟ್ಲೆಂಡಿನ ಕ್ಲಬ್‌ಗಳಾದ ಸೆಲ್ಟಿಕ್, ರೇಂಜರ್ಸ್, ಹಾರ್ಟ್ಸ್ ಫಲಿತಾಂಶಕ್ಕೂ ಎರಡು ಸಾಲು ಕೊಡಿ. ಐಪಿಎಲ್ ಹರಾಜಿನ ಸುದ್ದಿ ತುಸು ಕಡಿಮೆಯಾದರೂ ನಡೆಯುತ್ತದೆ, ಅಲ್ವಾ?

– ನಿವೃತ್ತ ದೈಹಿಕ ಶಿಕ್ಷಕ, ಬ್ರಹ್ಮಪುರ, ಕಲಬುರಗಿ