ಎಂ.ಎ. ಮುಗಿಯಿತು: ನನಗಾಗಿ ಬರೆದ ಕೈಗೆ, ಓದಿದ ದನಿಗಳಿಗೆ

ರಿಸಲ್ಟ್ ಬಂತು. ಇತಿಹಾಸ ಎಂ.ಎ., ಫಸ್ಟ್ ಕ್ಲಾಸ್. ನಿನ್ನೆಯಿಂದ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ, ಆ ಕಥೆ ನಿಮಗೆಲ್ಲ ಗೊತ್ತೇ ಇದೆ, ಅದು ಬೇಡ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರೊಂದೇ ಇದೆ. ಉಳಿದವರ ಮಾತು ಇಲ್ಲಾದರೂ ಬರಲಿ.

ಮೆಜೆಸ್ಟಿಕ್ ಮೆಟ್ರೋದಲ್ಲಿ ಕೈ ಹಿಡಿದು ರೈಲು ಹತ್ತಿಸಿದ ಸಿಬ್ಬಂದಿ, ಹಾಸ್ಟೆಲ್ ಮೆಸ್ಸಿನ ಅಕ್ಕಂದಿರು, ಗೇಟಿನ ಹತ್ತಿರದ ಆಟೋ ಅಣ್ಣಂದಿರು, ಪಾಠವನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟ ಮೇಷ್ಟ್ರುಗಳು, ಊರಲ್ಲಿ ಕೂತು ದೇವರಿಗೆ ಹರಕೆ ಹೊತ್ತ ಅಪ್ಪ ಅಮ್ಮ, ಎಲ್ಲರಿಗೂ ನಮಸ್ಕಾರ. ಎಚ್.ಎಸ್.ಆರ್. ಲೇಔಟಿನ ಮಿತ್ರ ಜ್ಯೋತಿಯವರಿಗೂ ನಮಸ್ಕಾರ. 1990ರಲ್ಲಿ ಶುರುವಾದ ಸಂಸ್ಥೆ ಅದು. ಅವರ ಧ್ವನಿ ಪುಸ್ತಕಗಳ ಲೈಬ್ರರಿ ಇಲ್ಲದಿದ್ದರೆ ಮೊದಲ ವರ್ಷ ನಾನು ಏನು ಓದುತ್ತಿದ್ದೆನೋ ಗೊತ್ತಿಲ್ಲ. ಮುಖ ನೋಡದವರಿಗಾಗಿ ಗಂಟೆಗಟ್ಟಲೆ ಕೂತು ಪುಸ್ತಕ ಓದಿ ರೆಕಾರ್ಡ್ ಮಾಡುವವರು ಈ ಊರಲ್ಲಿ ಇದ್ದಾರೆ.

ಕ್ಲಾಸ್‌ಮೇಟ್‌ಗಳಿಗೆ ಬೇರೆಯೇ ಹೇಳಬೇಕು. ನಮ್ಮ ವಿಭಾಗದ ಹಳೆಯ ನೋಟ್ಸ್ ಎಲ್ಲ ನುಡಿ ಫಾಂಟಿನಲ್ಲಿತ್ತು. ನಿಮ್ಮ ಕಣ್ಣಿಗೆ ಅದು ಚಂದದ ಕನ್ನಡ. ಆದರೆ ಆ ಹಳೆಯ ಫಾಂಟುಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡು. ನನ್ನ ಲ್ಯಾಪ್‌ಟಾಪಿನ ಎನ್‌ವಿಡಿಎ ಕನ್ನಡ ಓದುತ್ತದೆ, ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ, ಅದೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಆದರೆ ನುಡಿ ಫೈಲ್ ಕೊಟ್ಟರೆ ಬಾಯಿಗೆ ಬಂದ ಹಾಗೆ ಏನೇನೋ ಒದರುತ್ತದೆ. ನೀವು ಒಂದೊಂದು ಫೈಲನ್ನೂ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ಕೆಟ್ಟಿದ್ದನ್ನು ಕೈಯಲ್ಲಿ ತಿದ್ದಿ ಕಳಿಸಿದಿರಿ. ಯಾರೂ ಹೇಳಿ ಮಾಡಿಸಿದ ಕೆಲಸ ಅಲ್ಲ ಅದು.

ಇನ್ನು ಪಕ್ಕದ ರೂಮಿನ ತಂಗಿ. ಹೆಸರು ಹಾಕಬೇಡಕ್ಕ ಅಂದಿದ್ದಾಳೆ, ಹಾಕುವುದಿಲ್ಲ.

ಅದು ಎರಡನೇ ಸೆಮಿಸ್ಟರ್. ಮಾರನೇ ದಿನ ಕರ್ನಾಟಕದ ಪ್ರಾಚೀನ ಇತಿಹಾಸದ ಪೇಪರು. ದೀಪ ಹಚ್ಚುವ ಹೊತ್ತಿಗೆ ನನ್ನ ಸ್ಕ್ರೈಬ್, ಅಂದರೆ ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯುವವರ ಕಡೆಯಿಂದ ಫೋನ್ ಬಂತು. ಪಾಪ, ವಿಪರೀತ ಜ್ವರ, ಏಳಲೂ ಆಗುತ್ತಿಲ್ಲ. ಆಫೀಸಿಗೆ ಫೋನ್ ಮಾಡಿದರೆ ಲಿಸ್ಟ್ ಕಳಿಸಿ ಆಯ್ತು, ಈಗ ಹೆಸರು ಬದಲಾಯಿಸಲು ಬರುವುದಿಲ್ಲ ಅಂದರು. ನಾನು ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ. ಮೆಜೆಸ್ಟಿಕ್‌ಗೆ ಹೋಗಿ ಸಿರಾ ಬಸ್ ಹತ್ತುವುದು, ಆಮೇಲೆ ಈ ಕಡೆ ತಲೆ ಹಾಕದೆ ಇರುವುದು, ಅಷ್ಟೇ ತಲೆಯಲ್ಲಿದ್ದಿದ್ದು.

ಅವಳು ಚಾರ್ಜರ್ ಕೇಳಲು ಬಂದವಳು. "ಊರಿಗಾ ಅಕ್ಕ? ನಾಳೆ ಪರೀಕ್ಷೆ ಅಲ್ವಾ?" ಅಂದಳು. ಅಷ್ಟಕ್ಕೇ ಕಟ್ಟೆ ಒಡೆಯಿತು. ಓದಿದ್ದೆಲ್ಲ ತಲೆಯಲ್ಲಿದೆ ಕಣೇ, ಅದನ್ನು ಹಾಳೆಗೆ ಇಳಿಸಲು ಪ್ರತಿ ಸಲ ಯಾರನ್ನಾದರೂ ಬೇಡಬೇಕು, ಅವರಿಗೆ ಜ್ವರ ಬಂದರೆ ನಾನು ಫೇಲು, ಇದು ಯಾವ ನ್ಯಾಯ ಅಂತ ಕೂಗಾಡಿದೆ. ಹೀಗೆ ಬದುಕುವುದೇ ಬೇಡ ಅಂತಲೂ ಅಂದೆ. ಇದನ್ನು ಇವತ್ತಿನವರೆಗೆ ಮನೆಯಲ್ಲಿ ಹೇಳಿಲ್ಲ. ಅಮ್ಮ ಇದನ್ನು ಯಾರ ಕೈಯಲ್ಲಾದರೂ ಓದಿಸಿಕೊಂಡರೆ ಅಳಬಾರದು, ಆ ರಾತ್ರಿ ಕಳೆದು ಬಹಳ ಕಾಲ ಆಯ್ತು.

ಅವಳು ಧೈರ್ಯ ತಗೋ ಅನ್ನಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ನಾನು ಸುಸ್ತಾಗುವ ತನಕ ಸುಮ್ನೆ ಪಕ್ಕದಲ್ಲಿ ಕೂತಿದ್ದು, ಆಮೇಲೆ "ನಾನು ಬರೆದರೆ ನಡೆಯುತ್ತಾ?" ಅಂತ ಕೇಳಿದಳು. ನಡೆಯುತ್ತಿತ್ತು. ಆಗಿನ ನಿಯಮದ ಪ್ರಕಾರ ನಾವೇ ಸ್ಕ್ರೈಬ್ ಕರೆತಂದರೆ ಅವರ ಓದು ನಮಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಅವಳು ಬಿ.ಎಸ್ಸಿ. ಓದುತ್ತಿದ್ದಳು. "ಆದ್ರೆ ಅಕ್ಕ, ಕನ್ನಡ ಬರೆದು ತುಂಬಾ ವರ್ಷ ಆಯ್ತು, ಕೈ ಹಿಡಿತಾ ಇಲ್ಲ" ಅಂದಳು. ಸರಿ, ಕೂತೆವು.

ನಾನು ಹೇಳುವುದು, ಅವಳು ಬರೆಯುವುದು. ಬರೆದಿದ್ದನ್ನು ಅಕ್ಷರ ಬಿಡಿಸಿ ಓದಿ ತೋರಿಸುವುದು. ಧ್ರುವನಿಗೆ ಮಹಾಪ್ರಾಣ ಇರಲಿಲ್ಲ, ರಾಷ್ಟ್ರಕೂಟರ ಒತ್ತು ಎಲ್ಲೋ ಹೋಗಿತ್ತು. ಮತ್ತೆ ಬರೆದಳು. ಒಂದು ಸಾಲು ಮುಗಿದ ಕೂಡಲೇ ಮೆಲ್ಲಗೆ "ಹ್ಞೂಂ" ಅನ್ನುತ್ತಿದ್ದಳು, ನಾನು ಮುಂದಿನ ಸಾಲು ಹೇಳಬಹುದು ಅಂತ. ಅದನ್ನು ನಾನು ಹೇಳಿಕೊಟ್ಟಿದ್ದಲ್ಲ. ನನ್ನ ವಾಕ್ಯ ಸೊಟ್ಟ ಬಂದರೂ ತಾನಾಗಿ ತಿದ್ದುತ್ತಿರಲಿಲ್ಲ. "ಅಕ್ಕ, ನೀನು ಹೇಳಿದ್ದು ಹೀಗಿದೆ" ಅಂತ ಓದಿ, ನಾನು ಸರಿಮಾಡುವ ತನಕ ಕಾಯುತ್ತಿದ್ದಳು. ಬರೆಯುವ ಕೈ ಅವಳದು, ಉತ್ತರ ನನ್ನದು ಅನ್ನುವುದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ವರ್ಷಗಟ್ಟಲೆ ಸಹಾಯ ಮಾಡಿದವರಿಗೂ ಎಷ್ಟೋ ಸಲ ಇದು ಹೊಳೆಯುವುದಿಲ್ಲ. ನಡುರಾತ್ರಿ ಕೆಟಲ್‌ನಲ್ಲಿ ಮ್ಯಾಗಿ ಮಾಡಿದಳು. ಬೆಳಗಿನ ಜಾವ ಹಾಲಿನವನು ಗೇಟು ತಟ್ಟಿದಾಗ ನಾವು ಐಹೊಳೆ ಶಾಸನದಲ್ಲಿದ್ದೆವು.

ಬೆಳಗ್ಗೆ ಆಫೀಸಿನಲ್ಲಿ ಮತ್ತೆ ಅದೇ ಮಾತು, ಬರುವುದಿಲ್ಲ. ಅವಳು ಫೋನ್ ತೆಗೆದು ಅಂಗವಿಕಲರ ಪರೀಕ್ಷೆ ಬಗ್ಗೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯನ್ನು ಎಲ್ಲರ ಮುಂದೆ ಜೋರಾಗಿ ಓದಿದಳು. ತುರ್ತು ಸಂದರ್ಭದಲ್ಲಿ ಸ್ಕ್ರೈಬ್ ಬದಲಾಯಿಸಲು ಅವಕಾಶ ಕೊಡಬೇಕು ಅಂತ ಅದರಲ್ಲೇ ಇತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಅಂತಲೂ ಇತ್ತು. ಅಷ್ಟರಲ್ಲಿ ನಮ್ಮ ವಿಭಾಗದ ಮೇಡಂ ಓಡಿ ಬಂದು ಸಹಿ ಹಾಕಿದರು. ಅವರಿಗೂ ನಾನು ಋಣಿ. ಮೂರು ಗಂಟೆಯ ಪೇಪರು ನಮಗೆ ನಾಲ್ಕು ಗಂಟೆ. ರಾತ್ರಿಯೆಲ್ಲ ನಿದ್ದೆಗೆಟ್ಟವಳು ಕೊನೆಯ ಸಾಲಿನವರೆಗೂ ಹ್ಞೂಂಗುಟ್ಟಿದಳು. ಅದೇ ದಿನ ಅವಳ ಲ್ಯಾಬ್ ರೆಕಾರ್ಡ್ ಒಪ್ಪಿಸಬೇಕಿತ್ತು ಅನ್ನುವುದು ನನಗೆ ಎಷ್ಟೋ ತಿಂಗಳ ಮೇಲೆ, ಅವಳ ರೂಮ್‌ಮೇಟ್ ಬಾಯಿಂದ ಗೊತ್ತಾಯಿತು.

ತಂಗಿ, ಆ ಪೇಪರಿನಲ್ಲೇ ನನಗೆ ಜಾಸ್ತಿ ಮಾರ್ಕ್ಸ್ ಬಂದಿದ್ದು. ನಿನಗೆ ಇದನ್ನು ಫೋನಿನಲ್ಲಿ ಹೇಳಲು ಹೋದರೆ ಮಾತು ಬದಲಾಯಿಸುತ್ತೀಯ, ಅದಕ್ಕೆ ಬರೆದಿದ್ದೇನೆ.

ಸ್ಕ್ರೈಬ್ ಆಗಲಿ, ಹೆಚ್ಚಿನ ಸಮಯವಾಗಲಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆದರೂ ಒಂದು ಹುಡುಗಿ ಆಫೀಸಿನಲ್ಲಿ ನಿಂತು ಅದನ್ನು ಓದಬೇಕಾಯಿತು. ಈಗ ನಮ್ಮ ವಿಭಾಗದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಎರಡನೇ ಸ್ಕ್ರೈಬ್ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಮೇಡಂ ಹಟ ಹಿಡಿದು ಮಾಡಿಸಿದ್ದು.

ನಾಲ್ಕೂ ಸೆಮಿಸ್ಟರಿನ ನೋಟ್ಸ್ ಯೂನಿಕೋಡಿನಲ್ಲಿ ನನ್ನ ಹತ್ತಿರ ಇದೆ. ಈ ವರ್ಷ ಸೇರಿದ ಮಕ್ಕಳಲ್ಲಿ ಯಾರಿಗೆ ಬೇಕಾದರೂ ಕೇಳಿ, ಕಳಿಸುತ್ತೇನೆ. ಕನ್ನಡದಲ್ಲಿ ಸ್ಕ್ರೈಬ್ ಆಗಲು ಮನಸ್ಸಿರುವ ಡಿಗ್ರಿ ಹುಡುಗ ಹುಡುಗಿಯರಿದ್ದರೆ ನನಗೊಂದು ಮೆಸೇಜ್ ಹಾಕಿ. ಪರೀಕ್ಷೆಗೆ ಮೊದಲೇ ಒಂದೆರಡು ಸಲ ಕೂತು ರೂಢಿ ಮಾಡಿಕೊಳ್ಳೋಣ.